‘ಕೂಡ’ ಮತ್ತು ‘ವಿತ್’

ಮಂಡ್ಯದಿಂದ ಮಸ್ಕಿಗೆ ಬಂದಿಳಿದ ದಿನವೇ ಮನೆಯೊಡತಿ ಮಹಬೂಬಿ ಚಾಚಿ ನನ್ನ ಮುಂದೆ ತಟ್ಟೆಯಿಟ್ಟು, ಮಗಳನ್ನು ತೋರಿಸಿ, “ನಾಚಬ್ಯಾಡ್ರಿ ಟೀಚರ್, ಸಮೀನಾನ ಕೂಡ ತಿನ್ರಿ” ಎಂದರು!

ನನ್ನ ಕೈ ತಟ್ಟೆಯ ಮೇಲೇ ನಿಂತಿತು. ಅಜ್ಜಿಯ ಬಾಯಿಂದ ಕನ್ನಡ ಕಲಿತ ನನಗೆ ‘ಕೂಡ’ ಅಂದರೆ ‘ಸಹ’. ರೊಟ್ಟಿಯ ಜೊತೆ ಹುಡುಗಿಯನ್ನೂ ತಿನ್ನಬೇಕೇ? ಇಲ್ಲಿ ‘ಕೂಡ’ ಅಂದರೆ ‘ಜೊತೆ’ ಎಂದು ತಿಳಿದಾಗ ಮೂವರೂ ನಕ್ಕು ನಕ್ಕು ಸುಸ್ತಾದೆವು.

ಮಂಡ್ಯದಲ್ಲಿ ನಾವು ಮುದ್ದೆಯನ್ನು ಸದ್ದಿಲ್ಲದೆ ನುಂಗುತ್ತೇವೆ. ಇಲ್ಲಿ ಖಡಕ್ ಜೋಳದ ರೊಟ್ಟಿ ಮುರಿದರೆ ಪಕ್ಕದ ಮನೆಗೂ ಕೇಳುತ್ತದೆ. ಮಾತೂ ಹಾಗೆಯೇ. ಬೈಯುತ್ತಿದ್ದಾರೆ ಅಂದುಕೊಂಡರೆ ಅದು ಊಟಕ್ಕೆ ಕರೆಯುವ ದನಿ! ಚಾಚಿಯ ಮನೆಯೊಳಗೆ ದಖ್ಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ನಾನು ಬಂದದ್ದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಲು.

ಸಮೀನಾ ಬಿ.ಎಡ್. ಮುಗಿಸಿದ್ದಳು. ಲಿಂಗಸುಗೂರಿನ ಶಾಲೆಯೊಂದರಿಂದ ಟೀಚರ್ ಕೆಲಸಕ್ಕೆ ಮಾದರಿ ಪಾಠ ಮಾಡಲು ಕರೆ ಬಂತು. ವಿಷಯ ಪ್ರಿಪೊಸಿಷನ್. ಅವಳ ಮುಖ ಬಾಡಿತು.

“ಹಿಂದ ಸಿಂಧನೂರಾಗ ಹಿಂಗ ಪಾಠಕ್ಕ ನಿಂತಿದ್ದೆ ರೀ. ‘ಪೆನ್ ಈಸ್ ಮೈ ಸೈಡ್’ ಅಂದ್ಬಿಟ್ಟೆ. ‘ಹೌದೇನವಾ, ಪೆನ್ನು ನಿನ್ನ ಪಾರ್ಟಿ ಸೇರೈತೇನು?’ ಅಂತ ಹುಡುಗ್ರ ಮುಂದನ ನಕ್ರು ಅಲ್ಲಿ ಸರ್ರು. ಈ ಸಲಾನೂ ಹಂಗಾದ್ರ ನಾ ಮತ್ತ ಕ್ಲಾಸಿನ್ಯಾಗ ಕಾಲಿಡಾಂಗಿಲ್ಲ.”

‘ಪೆನ್ನು ನನ್ನ ಕಡೆ ಐತಿ’ ಎಂಬುದನ್ನು ಹುಡುಗಿ ಹಾಗೇ ಇಂಗ್ಲಿಷಿಗೆ ಇಳಿಸಿದ್ದಳು!

“ನಮ್ಮ ಮಂಡ್ಯದಲ್ಲಿ ‘ನನ್ನ ಹತ್ರ ಇದೆ’ ಅಂತೀವಿ. ನಾನಾಗಿದ್ರೆ ‘ನಿಯರ್ ಮಿ’ ಅಂದು ನಗಿಸ್ತಿದ್ದೆ ಕಣೇ. ನಿನ್ನ ‘ಕಡೆ’, ನನ್ನ ‘ಹತ್ರ’, ಎರಡಕ್ಕೂ ಇಂಗ್ಲಿಷಿನವರದ್ದು ಒಂದೇ ‘ವಿತ್’.”

“ನಮ್ಮ ‘ಕೂಡ’ನೂ ಅದ ಏನ್ರಿ?”

“ಅದೂ ಅದೇ.”

ಸಮೀನಾ ದಿಗ್ಗನೆ ಎದ್ದಳು. “ಅಂದ್ರ ನಮ್ದು ಹೆಸರಿನ ಹಿಂದ ಬರತೈತಿ, ಅವರ್ದು ಹೆಸರಿನ ಮುಂದ ಓಡತೈತಿ! ಹುಡುಗ್ರಿಗೆ ಹಿಂಗ ಗುರ್ತು ಹಚ್ಚಾಕ ಹೇಳಬೌದಲ್ರಿ?”

ಲಿಂಗಸುಗೂರಿನಲ್ಲಿ ನಾನು ಕ್ಲಾಸಿನ ಕಿಟಕಿಯ ಹೊರಗೆ ನಿಂತಿದ್ದೆ. ಅವಳು ಬೋರ್ಡಿನ ಮೇಲೆ ‘ಅವ್ವನ ಕೂಡ’ ಎಂದು ಬರೆದು, ಕೆಳಗೆ ‘ವಿತ್ ಮದರ್’ ಎಂದೂ ಬರೆದಳು. ಒಬ್ಬ ಹುಡುಗಿ ಕೂಗಿದಳು: “ಮಿಸ್, ಬಾಲ ಹೋಗಿ ಮೂಗು ಆತ್ರಿ!” ಇಡೀ ಕ್ಲಾಸು ನಕ್ಕಿತು. ಮತ್ತೆ ಸಿಂಧನೂರೇ ಆಯಿತು ಅಂದುಕೊಂಡೆ. ಸಮೀನಾ ಮಾತ್ರ ಎಲ್ಲರಿಗಿಂತ ಜೋರಾಗಿ ನಕ್ಕು, “ಹಂಗಾದ್ರ ಇನ್, ಆನ್, ಅಂಡರ್, ಎಲ್ಲಾ ಮೂಗು ಹುಡುಕ್ರಿ ನೋಡೂಣು” ಎಂದಳು. ಮಕ್ಕಳು ಪುಸ್ತಕಕ್ಕೆ ಮುಗಿಬಿದ್ದರು.

“ಸೋಮವಾರದಿಂದ ಬರ್ರಿ” ಎಂದರು ಪಾಠ ನೋಡುತ್ತ ಕೂತಿದ್ದ ಶಾಲೆಯ ದೊಡ್ಡ ಮೇಡಂ.

ಸಮೀನಾ ಓಡಿ ಬಂದು ನನ್ನನ್ನು ಅವರೆದುರು ಎಳೆದು ನಿಲ್ಲಿಸಿ, ಹೆಮ್ಮೆಯಿಂದ ಇಂಗ್ಲಿಷಿನಲ್ಲೇ ಪರಿಚಯಿಸಿದಳು: “ಶಿ ಈಸ್ ಫ್ರಮ್ ಮಸ್ಕಿ.”

‘ಮಂಡ್ಯ’ ಎಂದು ತಿದ್ದಲು ಬಾಯಿ ತೆರೆದೆ. ಹೊರಬಂದದ್ದು “ಹೌದ್ರಿ, ಮಸ್ಕಿ!” ಫ್ರಮ್ ಮಾತ್ರ ಇರಬೇಕಾದ ಜಾಗದಲ್ಲೇ ಇತ್ತು.