ಕೆಂಪು ಲೈಟು ಹಸಿರಾಗುವವರೆಗೆ

ಗುತ್ತಿಗಾರಿನ ಪೇಟೆಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಅಬ್ಬಾಸರ ಮೀನಿನಂಗಡಿಯ ಹಿಂದೆ ಜನರೇಟರ್ ಒಂದೇ ಸಮನೆ ಸದ್ದು ಮಾಡುತ್ತಿದೆ. ಫ್ರೀಜರಿನ ಪಕ್ಕದಲ್ಲಿ ಚಾರ್ಜಿಗೆ ಇಟ್ಟಿದ್ದ ಎರಡು ಬ್ಯಾಟರಿಗಳ ವಯರು ಕಳಚಿ, ಭವಿತಾ ಒಂದನ್ನು ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಕೂರಿಸುತ್ತಾರೆ. ಇನ್ನೊಂದನ್ನು ಹಿಂದಿನ ಸೀಟಿಗೆ ಹಗ್ಗದಿಂದ ಬಿಗಿಯುತ್ತಾರೆ. ಆಮೇಲೆ ಸೊಂಟಕ್ಕೆ ಕೈ ಕೊಟ್ಟು ಬೆನ್ನು ನೆಟ್ಟಗೆ ಮಾಡುತ್ತಾರೆ.

“ಒಂದು ಚಾ ಕುಡಿದು ಹೋಗಿ ಭವಿತಕ್ಕ,” ಎನ್ನುತ್ತಾರೆ ಅಬ್ಬಾಸ್.

“ಬೇಡ ಅಬ್ಬಾಸಾಕ. ಕೂತ್ರೆ ಮತ್ತೆ ಏಳ್ಲಿಕ್ಕೆ ಆಗುದಿಲ್ಲ.”

ನಿನ್ನೆ ಮಧ್ಯಾಹ್ನ ಹೋದ ಕರೆಂಟು ಇನ್ನೂ ಬಂದಿಲ್ಲ. ಕೊಲ್ಲಮೊಗ್ರು ದಾರಿಯಲ್ಲಿ ಬಾಗಿಲು ಮುಚ್ಚಿದ ಹಳೆಯ ಅಂಗಡಿ ಕೋಣೆಯೊಂದಿದೆ. ಸುತ್ತಲಿನ ಮುನ್ನೂರರಷ್ಟು ಮನೆಗಳ ಇಂಟರ್ನೆಟ್ ಲೈನು ಬಂದು ಸೇರುವುದು ಅಲ್ಲಿನ ಒಂದು ಕಬ್ಬಿಣದ ಪೆಟ್ಟಿಗೆಗೆ. ಈಗ ಹೆಚ್ಚಿನ ಮನೆಗಳಲ್ಲಿ ವೈಫೈಗೆಂದೇ ಅಂಗೈಯಗಲದ ಬ್ಯಾಟರಿ ಉಂಟು. ಕರೆಂಟು ಹೋದರೂ ಅದು ಕೆಲವು ಗಂಟೆ ಜೀವ ಹಿಡಿದಿರುತ್ತದೆ. ಆದರೆ ಈ ಪೆಟ್ಟಿಗೆಯ ಬ್ಯಾಟರಿ ಮುಗಿದರೆ ಮನೆಯ ಬ್ಯಾಟರಿ ಇದ್ದೂ ಪ್ರಯೋಜನವಿಲ್ಲ. ಹಾಗಾಗಿ ಕರೆಂಟು ಬರುವ ತನಕ ಭವಿತಾ ಬ್ಯಾಟರಿ ಹೊರುತ್ತಲೇ ಇರಬೇಕು. ಚಾರ್ಜ್ ಆದದ್ದನ್ನು ಒಯ್ದು ಜೋಡಿಸುವುದು, ಖಾಲಿಯಾದದ್ದನ್ನು ತಂದು ಅಬ್ಬಾಸರ ಜನರೇಟರಿಗೆ ಕೊಡುವುದು. ಮಳೆಗಾಲದಲ್ಲಿ ಇದು ವಾರಗಟ್ಟಲೆ ನಡೆಯುತ್ತದೆ. “ನನ್ನ ಬಟ್ಟೆಗೆಲ್ಲ ಯಾವಾಗ್ಲೂ ಮೀನಿನ ವಾಸನೆ. ಮೊದಲು ನಾಚಿಕೆ ಆಗ್ತಿತ್ತು. ಈಗ ಅದಕ್ಕೂ ಪುರುಸೊತ್ತಿಲ್ಲ,” ಎನ್ನುತ್ತಾರೆ.

ಇದು ಮೊದಲು ಅವರ ಗಂಡ ಕೀರ್ತನ್ ಮಾಡುತ್ತಿದ್ದ ಕೆಲಸ. ಕೇಬಲ್ ಟಿ.ವಿ. ಕಾಲದಿಂದಲೂ ಕಂಬ ಹತ್ತಿದವರು. ನಾಲ್ಕು ವರ್ಷದ ಹಿಂದೆ ಪಂಜದ ಹತ್ತಿರ ಲೈನು ಎಳೆಯುವಾಗ ಏಣಿ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಯಿತು. ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ, ಅಷ್ಟೇ. ಇನ್ನೊಬ್ಬ ಕೆಲಸದವನು ಸಿಗುವ ತನಕ ಎಂದು ಭವಿತಾ ಸ್ಕೂಟರ್ ಹತ್ತಿದರು. ಸಿಗುವ ಸಂಬಳಕ್ಕೆ ಈ ಕಾಡಂಚಿಗೆ ಬರುವ ಇನ್ನೊಬ್ಬ ಈವರೆಗೂ ಸಿಕ್ಕಿಲ್ಲ.

ಫೋನ್ ತೆಗೆಯುವುದು ಈಗ ಕೀರ್ತನರ ಪಾಲಿಗೆ ಬಂದಿದೆ. ಪರೀಕ್ಷೆ ಇರುವವರು, ಮನೆಯಿಂದಲೇ ಕಂಪನಿ ಕೆಲಸ ಮಾಡುವವರು, ಸೀರಿಯಲ್ ತಪ್ಪಿದವರು, ಎಲ್ಲರ ಸಿಟ್ಟನ್ನೂ ಕೇಳಿಸಿಕೊಳ್ಳುತ್ತಾರೆ. “ಬೈದ್ರೆ ಬೈಲಿ. ಅವಳು ಹೊರಟಿದ್ದಾಳೆ ಅಂತ ಹೇಳುದು ನಾನು. ಹೋಗುದು ಅವಳಲ್ವಾ? ಮಳೆಯಲ್ಲಿ ಅವಳನ್ನು ಕಳಿಸಿ ನಾನು ಚಾವಡಿಯಲ್ಲಿ ಕೂತ್ಕೊಳ್ಳುದು, ಅದೇ ಕಷ್ಟ ಮಾರಾಯ್ರೆ.”

ಕಳೆದ ವರ್ಷ ಮಳೆ ಜೋರಿರುವ ಆಟಿ ತಿಂಗಳ ಒಂದು ಸಂಜೆಯನ್ನು ಇಬ್ಬರೂ ಮರೆತಿಲ್ಲ. ಎರಡು ದಿನದಿಂದ ಕರೆಂಟಿಲ್ಲ. ಮೊಬೈಲ್ ಟವರೂ ಸತ್ತಿದೆ. ಭವಿತಾ ಬ್ಯಾಟರಿ ಹೇರಿಕೊಂಡು ಹೋಗುವಾಗ ಪೆಟ್ಟಿಗೆಯ ಕೋಣೆಗಿಂತ ಸಾಕಷ್ಟು ಮೊದಲೇ ದೊಡ್ಡ ಹಲಸಿನ ಮರ ರಸ್ತೆಗೆ ಅಡ್ಡ ಬಿದ್ದಿತ್ತು. ಸ್ಕೂಟರ್ ಆಚೆ ಹೋಗುವಂತಿರಲಿಲ್ಲ.

“ಸುಳ್ಳು ಯಾಕೆ ಹೇಳುದು, ನಾನು ಗಾಡಿ ತಿರುಗಿಸಿದ್ದೆ. ನಾಳೆ ಮರ ಕಡಿದ ಮೇಲೆ ಬಂದ್ರಾಯ್ತು ಅಂತ. ಆಮೇಲೆ ಎಂತ ಅನಿಸಿತೋ, ಶಾಲು ಸುತ್ತಿ ತಲೆ ಮೇಲೆ ಸಿಂಬೆ ಇಟ್ಟೆ. ಬ್ಯಾಟರಿ ಹೊತ್ತು ಗುಡ್ಡದ ಬದಿಯಿಂದ ಇಳಿದು ಆಚೆ ಹೋಗಿ ಪೆಟ್ಟಿಗೆಗೆ ಜೋಡಿಸಿದೆ.”

ಅದೇ ಹೊತ್ತಿಗೆ ಕೊಲ್ಲಮೊಗ್ರುವಿನ ಒಂದು ಮನೆಯ ಕೊಟ್ಟಿಗೆಯಲ್ಲಿ ಸೌದೆ ತೆಗೆಯುತ್ತಿದ್ದ ಪಂಕಜಾಕ್ಷಿಯವರ ಕಾಲಿಗೆ ಕೊಳಕುಮಂಡಲ ಹಾವು ಕಚ್ಚಿತ್ತು. ಅವರ ಗಂಡ ತ್ಯಾಂಪಣ್ಣ ಕೃಷಿಕರು. ಆ ಸಂಜೆಯನ್ನು ಅವರು ತಡೆತಡೆದು ಹೇಳುತ್ತಾರೆ: “ಫೋನಿಗೆ ರೇಂಜ್ ಇಲ್ಲ. ಬ್ಯಾಟರಿ ಉಳಿಸ್ಲಿಕ್ಕೆ ಆಫ್ ಇಟ್ಟಿದ್ದ ವೈಫೈ ಡಬ್ಬಿ ಹಾಕಿ ನೋಡಿದ್ರೆ ಕೆಂಪು ಲೈಟ್, ಲೈನಿಲ್ಲ. ಇವಳ ಕಾಲು ನೋಡ ನೋಡ್ತಾ ಬಾತು ಬಂತು. ಹೊತ್ಕೊಂಡು ಹೋಗುವ ಅಂದ್ರೆ ನಾನೊಬ್ಬನೇ. ಡಬ್ಬಿ ಆಫ್ ಮಾಡುದು, ಆನ್ ಮಾಡುದು, ಅದನ್ನೇ ಮಾಡ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಹಸಿರು ಬಂತು.”

ವೈಫೈಯಿಂದಲೇ ಕರೆ ಹೋಯಿತು. ಮರದ ಈಚೆ ಬದಿಗೆ ಜೀಪು ತಂದು ನಿಲ್ಲಿಸಿದವರು ಪರಿಚಯದ ಚಾಲಕ ಮಹಾಗಣಪತಿ. ನೆರೆಯವರು ಓಡಿ ಬಂದು ಪಂಕಜಾಕ್ಷಿಯವರನ್ನು ಕುರ್ಚಿಯಲ್ಲಿ ಕೂರಿಸಿ ಮರ ದಾಟಿಸಿದರು. ಪುತ್ತೂರಿನ ಆಸ್ಪತ್ರೆಗೆ ಮೊದಲೇ ಫೋನ್ ಮಾಡಿದ್ದರಿಂದ ಔಷಧಿ ತಯಾರಿತ್ತು. ತಿಂಗಳ ಮೇಲೆ ಅವರು ನಡೆದುಕೊಂಡೇ ಮನೆಗೆ ಬಂದರು.

ಭವಿತಾರಿಗೆ ವಿಷಯ ಗೊತ್ತಾದದ್ದು ಮತ್ತೆಷ್ಟೋ ದಿನ ಕಳೆದು, ಆ ಮನೆಯ ವೈಫೈ ಬ್ಯಾಟರಿ ಬದಲಿಸಲು ಹೋದಾಗ. ಹಸಿರು ಲೈಟಿನ ಕತೆ ಹೇಳಿದ ತ್ಯಾಂಪಣ್ಣ, ಅದು ದೇವರೇ ಮಾಡಿಸಿದ್ದು ಎಂದು ಕೈಮುಗಿದರಂತೆ. ಭವಿತಾ ದಿನ ಕೇಳಿದರು, ಹೊತ್ತು ಕೇಳಿದರು. ಆ ಸಂಜೆ ಬ್ಯಾಟರಿ ಹೊತ್ತದ್ದು ತಾನೆಂದು ಹೇಳದೆ ಕೆಲಸ ಮುಗಿಸಿ ಹೊರಬಂದರು. ಈ ಬರಹಕ್ಕಾಗಿ ನಾನು ವಿಚಾರಿಸಲು ಹೋಗುವವರೆಗೂ ಆ ಮನೆಯವರಿಗೆ ಸಂಗತಿ ತಿಳಿದಿರಲಿಲ್ಲ.

ಆವತ್ತು ಖುಷಿ ಆಗಲಿಲ್ಲವೇ ಎಂದು ಭವಿತಾರನ್ನು ಕೇಳುತ್ತೇನೆ.

“ಖುಷಿ ಆಯ್ತು. ಇಲ್ಲ ಅಂತ ಅಲ್ಲ. ಆದ್ರೆ ದಾರಿಯಲ್ಲಿ ಗಾಡಿ ನಿಲ್ಲಿಸಿ ಅತ್ತುಬಿಟ್ಟೆ. ನಾನು ವಾಪಸ್ ಹೊರಟಿದ್ದೆನಲ್ಲ? ಮೊದಲು ಕರೆಂಟು ಹೋದ್ರೆ ‘ಅಯ್ಯೋ, ಇನ್ನು ಜನ ಬೈತಾರೆ’ ಅಂತ ಮಾತ್ರ ಇತ್ತು. ಈಗ ಹಾಗಲ್ಲ. ಯಾರ ಮನೆಯಲ್ಲಿ ಎಂತ ಆಗಿದೆಯೋ ಅಂತ ಹೆದರಿಕೆ. ಬಿಟ್ಟು ಬಿಡುವ ಅಂದ್ರೂ ಬಿಡ್ಲಿಕ್ಕೆ ಆಗುದಿಲ್ಲ.”

ಪೆಟ್ಟಿಗೆಯ ಕೋಣೆಗೆ ದೊಡ್ಡ ಬ್ಯಾಟರಿ, ಮೇಲೊಂದು ಸೋಲಾರ್ ಪ್ಲೇಟು ಹಾಕಿಸಿದರೆ ಈ ಹೊರೆ ಅರ್ಧ ಇಳಿಯುತ್ತದೆ. ಕೀರ್ತನ್ ಮೂರು ಸಲ ಇಂಟರ್ನೆಟ್ ಲೈನಿನ ಮಾಲಿಕರಿಗೆ ಹೇಳಿದ್ದಾರೆ. ಮುಂದಿನ ವರ್ಷ ನೋಡುವ ಎಂಬ ಉತ್ತರ ಬಂದಿದೆ.

ಸೋಲಾರ್ ಬಂದರೆ ಏನು ಮಾಡುತ್ತೀರಿ ಎಂದು ಅವರ ಮನೆಯ ಚಾವಡಿಯಲ್ಲಿ ಭವಿತಾರನ್ನು ಕೇಳುತ್ತೇನೆ. ಆಲೆಟ್ಟಿಯ ತವರಿಗೆ ಹೋಗಬಹುದು, ಸೊಂಟವನ್ನು ಡಾಕ್ಟರಿಗೆ ತೋರಿಸಬಹುದು ಎಂದು ಕೀರ್ತನ್ ಪಕ್ಕದಿಂದ ಹೇಳಿಕೊಡುತ್ತಾರೆ. ಭವಿತಾ ತಲೆ ಅಲ್ಲಾಡಿಸುತ್ತಾರೆ.

“ಅದೆಲ್ಲ ಆಮೇಲೆ. ಒಂದೇ ಒಂದು ಸಲ, ಗುಡುಗು ಬಂದಾಗ ಎದ್ದು ಕೂರದೆ ಮಗ್ಗುಲು ಬದಲಿಸಿ ಮಲಗ್ಬೇಕು.”