ಶಾಂತಾಳ ರೊಟ್ಟಿ, ನನ್ನ ಕುತ್ತಿಗೆ

ಜಮಖಂಡಿಯ ಫಿಜಿಯೋಥೆರಪಿ ಡಾಕ್ಟರು ನನ್ನ ಮಗಳಿಗಿಂತ ಚಿಕ್ಕ ಹುಡುಗಿ. ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ, “ಮನ್ಯಾಗ ಯಾರ ಯಾರ ಇರ್ತೀರಿ, ಅಕ್ಕಾರ?” ಎಂದಳು.

ಕುತ್ತಿಗೆ ನೋವಿಗೂ ಮನೆಮಂದಿಗೂ ಏನು ಸಂಬಂಧ? ಆದರೂ ಹೇಳಿದೆ. ಯಜಮಾನರು, ಮಗ, ಅತ್ತೆ, ಮೈದುನ, ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಶಾಂತಾ.

“ನಿಲ್ರಿ, ನಿಲ್ರಿ. ಕನ್ನಡಿ ನೋಡ್ರಿ. ಈಗ ಯಾಕ ಭುಜ ಏರಿಸಿದ್ರಿ?”

ನೋಡಿದೆ. ನನ್ನ ಬಲಭುಜ ಕಿವಿಯ ಹತ್ತಿರ ಹೋಗಿ ನಿಂತಿತ್ತು. (ಅತ್ತೆಯ ಹೆಸರಿಗೆ ಏರಿರಲಿಲ್ಲ, ಗಮನಿಸಿ.)

ಶಾಂತಾ ನನಗೆ ಏನು ಮಾಡಿದ್ದಾಳೆ? ಏನೂ ಇಲ್ಲ. ರೊಟ್ಟಿ ಬಡಿಯುತ್ತಿದ್ದಾಳೆ, ಅಷ್ಟೇ.

ಬನಹಟ್ಟಿಯ ನಮ್ಮ ಓಣಿಯಲ್ಲಿ ಸಂಕ್ರಾಂತಿಯ ಹಿಂದಿನ ದಿನ ಭೋಗಿ ಕೊಡುತ್ತೇವೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಪಲ್ಯ, ಹಿಂಡಿ ಚಟ್ನಿ, ಎಲ್ಲ ಮನೆಯಿಂದ ಮನೆಗೆ ಹೋಗುತ್ತದೆ. ಯಾರ ಮನೆಯ ರೊಟ್ಟಿ ತೆಳುವಾಗಿತ್ತು, ಯಾರದು ಅಂಚಿನಲ್ಲಿ ಸೀಳಿತ್ತು ಎಂಬ ಮಾತು ಯುಗಾದಿಯವರೆಗೂ ನಡೆಯುತ್ತದೆ. ನಮ್ಮ ಮನೆಯಲ್ಲಿ ಅಡುಗೆಮನೆ ಎರಡಾಗಿ ಬಹಳ ಕಾಲವಾಯಿತು. ಭೋಗಿಯ ಬುಟ್ಟಿ ಮಾತ್ರ ಒಂದೇ. ರೊಟ್ಟಿ ನನ್ನದು, ಪಲ್ಯ ಶಾಂತಾಳದು. ಅವಳು ಸೊಸೆಯಾಗಿ ಬಂದ ವರ್ಷದಿಂದ ಇದೇ ಪದ್ಧತಿ. ಆ ಓಣಿಯಲ್ಲಿ ನನಗೆ ಏನಾದರೂ ಹೆಸರಿದ್ದರೆ ಅದು ನಾನು ಪತ್ರಿಕೆಗೆ ಬರೆಯುವ ಈ ಅಂಕಣದಿಂದ ಅಲ್ಲ, ರೊಟ್ಟಿಯಿಂದ.

ಈ ಸಲ ದೀಪಾವಳಿ ಮುಗಿಯುತ್ತಿದ್ದಂತೆ ಕುತ್ತಿಗೆ ಹಿಡಿಯಿತು. ಕೈ ಎತ್ತಲು ಆಗದು, ತಲೆ ಹೊರಳಿಸಲು ಆಗದು. ಶಾಂತಾ ಬಂದು, “ಅಕ್ಕಾ, ನೀ ಆರಾಮ ಕುಂದ್ರ. ಈ ಸಲ ರೊಟ್ಟಿ ನಾ ಬಡೀತೇನಿ” ಎಂದಳು.

ಎಷ್ಟು ಪ್ರೀತಿಯಿಂದ ಹೇಳಿದಳು ಅಂತೀರಿ! ಆ ಪ್ರೀತಿಗೇ ನನ್ನ ಹೊಟ್ಟೆ ಉರಿಯಿತು. ಅದಕ್ಕೆ ಬೇರೆ ಮರ್ಯಾದೆಯ ಹೆಸರು ಕೊಡಲಾರೆ, ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ. ಭೋಗಿಯ ಒಳಗೆ ಕುತ್ತಿಗೆ ಸರಿಯಾಗಲೇಬೇಕೆಂದು ನಾನು ಜಮಖಂಡಿ ಬಸ್ ಹತ್ತಿದ್ದು ಅದಕ್ಕಾಗಿ.

ಡಾಕ್ಟರ್ ಹುಡುಗಿ ನನ್ನ ಕುತ್ತಿಗೆಯಿಂದ ಭುಜಕ್ಕೆ ಇಳಿಯುವ ಸ್ನಾಯುವನ್ನು ಒತ್ತಿ ನೋಡಿದಳು. ಕಣ್ಣಲ್ಲಿ ನೀರು ಬಂತು.

“ಈ ಮಸಲ್ ಓವರ್ ಆ್ಯಕ್ಟಿವ್ ಆಗೇತ್ರಿ. ಬೆನ್ನಿನ ಮಸಲ್ ಮಾಡೂ ಕೆಲಸಾನೂ ಇದ ಮಾಡಾಕತ್ತೈತಿ. ಅವಕ್ಕ ಕೆಲಸಾನ ಕೊಡವಲ್ದು. ಮೊದಲ ಇದನ್ನ ಸ್ಟ್ರೆಚ್ ಮಾಡಿ ಉದ್ದ ಮಾಡೂಣು, ಆಮ್ಯಾಲ ಅವನ್ನ ಎಬ್ಬಸೂಣು.”

ಸ್ಟ್ರೆಚ್ ಬಹಳ ಸುಲಭ. ಬಲಗೈಯಿಂದ ಸ್ಟೂಲಿನ ಅಂಚು ಹಿಡಿಯಬೇಕು, ಎಡಗೈಯನ್ನು ತಲೆಯ ಮೇಲಿಟ್ಟು ಎಡಕ್ಕೆ ಮೆಲ್ಲಗೆ ವಾಲಿಸಬೇಕು. ಎಳೆತ ಗೊತ್ತಾದ ಕಡೆ ನಿಲ್ಲಿಸಿ, ಉಸಿರಾಡುತ್ತಾ ಮೂವತ್ತು ಎಣಿಸಬೇಕು. ನೋವಾಗುವಷ್ಟು ಎಳೆಯಬಾರದು.

ಮನೆಗೆ ಬಂದು ಹಗಲಿಡೀ ಅದನ್ನೇ ಮಾಡಿದೆ. ವಾರ ಕಳೆಯುವಷ್ಟರಲ್ಲಿ ನೋವು ಇನ್ನೂ ಹೆಚ್ಚಾಯಿತು! ಮತ್ತೆ ಜಮಖಂಡಿ. “ಹೆಂಗ ಮಾಡಿದ್ರಿ, ತೋರಸ್ರಿ” ಎಂದಳು. ತೋರಿಸಿದೆ. ಎಳೆದೆ, ಬಿಟ್ಟೆ, ಎಳೆದೆ, ಬಿಟ್ಟೆ.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. “ಅಕ್ಕಾರ, ನೀವು ಕುತ್ತಿಗಿ ಸ್ಟ್ರೆಚ್ ಮಾಡಾಕತ್ತಿಲ್ರಿ, ರೊಟ್ಟಿ ಬಡ್ಯಾಕತ್ತೀರಿ!”

ನಿಜವೇ. ಈ ಕೈಗೆ ಬೇರೆ ಲಯ ಎಲ್ಲಿ ಗೊತ್ತು?

“ಹಿಂಗ ಜಗ್ಗಿದ್ರ ಮಸಲ್ ಹೆದರಿ ಇನ್ನಷ್ಟು ಬಿಗೀತೈತ್ರಿ. ಹಂಚಿಗೆ ಹಾಕಿದ ರೊಟ್ಟೀನ ಸುಮ್ಮಸುಮ್ಮನ ಮುಟ್ತೀರೇನು? ಹಂಗ ಬಿಡ್ರಿ. ತಾನ ಬೇಯತೈತಿ.”

ಬಿಡುವುದೇ ಕಷ್ಟ. ನಮ್ಮ ಓಣಿಯಲ್ಲಿ ದಿನವಿಡೀ ಪವರ್‌ಲೂಮ್ ಸದ್ದು, ಅದರಲ್ಲಿ ಬೇರೇನೂ ಕೇಳದು. ಆದರೆ ನಾನು ತಲೆ ವಾಲಿಸಿ ಕುಳಿತ ಹೊತ್ತಿಗೇ ಕರೆಂಟು ಹೋಗುತ್ತಿತ್ತು. ಮಗ್ಗಗಳೆಲ್ಲ ಒಮ್ಮೆಲೇ ಸುಮ್ಮನಾದಾಗ ಗೋಡೆಯ ಆಚೆಯಿಂದ ಟಪ್ ಟಪ್ ಟಪ್. ಶಾಂತಾ! ಎಲ್ಲಾದರೂ ತಪ್ಪುತ್ತಾಳಾ ಎಂದು ಕಿವಿಗೊಟ್ಟೆ. ಒಂದೇ ಒಂದು ಏಟು ತಪ್ಪಲಿಲ್ಲ. ಎಣಿಕೆ ಮರೆತುಹೋಯಿತು. ಕೈಯಿಟ್ಟು ನೋಡಿಕೊಂಡರೆ ಭುಜ ಮತ್ತೆ ಕಿವಿಯ ಹತ್ತಿರ.

ಭೋಗಿಯ ದಿನ ರೊಟ್ಟಿ ಹೋದವು. ನನ್ನದಲ್ಲದ ರೊಟ್ಟಿ, ನನ್ನ ಮನೆಯಿಂದ. ಮರುದಿನ ಎಳ್ಳುಬೆಲ್ಲ ಕೊಡಲು ಪಕ್ಕದ ಮನೆಯ ನೀಲವ್ವ ಬಂದಳು. ಶಾಂತಾ ನನ್ನ ಮಗ್ಗುಲಲ್ಲೇ ಇದ್ದಳು.

“ಏನ್ರಿ ಅಕ್ಕಾರ, ಕುತ್ತಿಗಿ ನೋವು ಅಂತಿದ್ರಿ, ರೊಟ್ಟಿ ನೋಡಿದ್ರ ಖರೆ ಅನ್ನಸಂಗಿಲ್ಲ ನೋಡ್ರಿ. ನಿಮ್ಮ ಕೈ ಅಂದ್ರ ನಿಮ್ಮ ಕೈ!”

ಮೊದಲು ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ? ಮರುಕ್ಷಣವೇ ಆ ಖುಷಿ ಇಳಿಯಿತು. ಇಷ್ಟು ವರ್ಷ ನನ್ನ ರೊಟ್ಟಿ ತಿಂದವಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲವೇ? ಹಾಗಾದರೆ ನನ್ನದು ಎನ್ನುವಂಥದ್ದು ಆ ರೊಟ್ಟಿಯಲ್ಲಿ ಏನಿತ್ತು?

ಶಾಂತಾಳ ಕಡೆ ನೋಡಿದೆ. ನಗುತ್ತಲೇ ನಿಂತಿದ್ದಳು. ಆದರೆ ಅವಳ ಬಲಭುಜ ಮೆಲ್ಲಗೆ ಕಿವಿಯ ಕಡೆ ಏರುತ್ತಿತ್ತು. ಜಮಖಂಡಿಯ ಕನ್ನಡಿ ನೋಡಿ ಬಂದ ನನಗೆ ಅದು ಗೊತ್ತಾಗದೆ ಇರುತ್ತದೆಯೇ?

“ನಾ ಅಲ್ಲ, ನೀಲವ್ವಾ. ಈ ಸಲ ಶಾಂತಾ ಬಡದಾಳ” ಎಂದೆ.

“ಹೌದೇನ? ಮತ್ತ ಇಷ್ಟ ವರ್ಷ ಎಲ್ಲಿದ್ದಿ ಬೇ?”

“ಪಲ್ಯಾ ಮಾಡಾಕತ್ತಿದ್ನಿ” ಎಂದಳು ಶಾಂತಾ. ಅವಳ ಭುಜ ಇಳಿಯಿತು.

ಅದನ್ನು ಇಳಿಸಲು ನನ್ನ ಒಂದು ಮಾತು ಸಾಕಾಗಿತ್ತು; ಆ ಮಾತು ಬಾಯಿಂದ ಹೊರಡಲು ಮೂವತ್ತು ಎಣಿಸುವಷ್ಟು ಹೊತ್ತು ಹಿಡಿಯಿತಲ್ಲ, ಅದಕ್ಕೆ ಯಾವ ಡಾಕ್ಟರನ್ನು ಕೇಳಲಿ?