ಹೊಳೆಗಿಳಿದ ಹಳೇ ಮೋಟಾರು

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮದುವೆಯಾಗಿ ಹೊನ್ನಾಳಿಗೆ ಬಂದ ಹೊಸತರಲ್ಲೇ ನಮ್ಮ ಸ್ನಾನದ ನೀರಿನ ಡ್ರಮ್ಮು ಒಂದು ಮೋಟಾರಿನ ಪಾಲಾಯಿತು. ನನ್ನವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಚನ್ನಗಿರಿಯ ಗುಜರಿ ಅಂಗಡಿಯಲ್ಲಿ ಸಮುದ್ರದ ಕಡೆಯಿಂದ ಬಂದ ದೋಣಿ ಮೋಟಾರೊಂದನ್ನು ಕಂಡು, ಬಸ್ಸಿನ ಟಾಪಿನ ಮೇಲೆ ಹಾಕಿಸಿಕೊಂಡು ಬಂದಿದ್ದರು. ಉಪ್ಪುನೀರಿಗೆ ತುಕ್ಕು ಹಿಡಿದು ಅದರ ಒಳಗೆಲ್ಲ ಕಚ್ಚಿಕೊಂಡಿತ್ತು. ದಿನಾ ಶಾಲೆ ಮುಗಿಸಿ ಬಂದವರೇ ಸೀಮೆಎಣ್ಣೆ ಸುರಿದು, ತಿಕ್ಕಿ, ಬಿಚ್ಚಿ, ಜೋಡಿಸಿ, ಕೊನೆಗೊಂದು ಸಂಜೆ ಅದನ್ನು ಡ್ರಮ್ಮಿನ ಅಂಚಿಗೆ ಬಿಗಿದು ಹಗ್ಗ ಎಳೆದರು. ಹಿತ್ತಿಲೆಲ್ಲ ನೀರು ಚಿಮ್ಮಿತು. ಒಣಹಾಕಿದ್ದ ಬಟ್ಟೆಗಳಿಗೆಲ್ಲ ಎಣ್ಣೆಯ ಕಲೆ. ನಾನು ಬೈಯಲು ಹೋದವಳು ಅವರ ಮುಖ ನೋಡಿ ನಕ್ಕುಬಿಟ್ಟೆ.

ಸಾಸ್ವೆಹಳ್ಳಿಯ ದೋಣಿಯವನೊಬ್ಬ ಕೊಳ್ಳಲು ಒಪ್ಪಿದ. "ಮೊದ್ಲು ಹೊಳೆಯಾಗೆ ಓಡಿಸಿ ತೋರ್ಸಿ ಮಾಸ್ತರ್ರೇ" ಅಂದ. ಆ ವಾರ ಬಿಳಿಚೋಡಿನಿಂದ ನನ್ನಮ್ಮ ಬಂದಿದ್ದಳು. ಅಳಿಯ ಎದುರಿಗೆ ಬಂದರೆ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುವ ಹೆಂಗಸು, ನಾವು ಹೊರಟಾಗ ತಾನೂ ಚಪ್ಪಲಿ ಮೆಟ್ಟಿದಳು. "ನಮ್ಮ ಕಡೆ ಇಷ್ಟು ನೀರು ನೋಡಾಕೆ ಎಲ್ಲಿ ಸಿಕ್ತೈತೆ? ನಾನೂ ಕೂರ್ತೀನಿ" ಅಂದಳು ನನ್ನ ಕಿವಿಯಲ್ಲಿ.

ನಡುಹೊಳೆಯವರೆಗೆ ದೋಣಿ ಸೊಗಸಾಗಿ ಹೋಯಿತು. ಅಮ್ಮ ನೀರಿಗೆ ಕೈ ಇಳಿಬಿಟ್ಟು ಚಿಕ್ಕ ಹುಡುಗಿಯ ಹಾಗೆ ಕೂತಿದ್ದಳು. ಇದ್ದಕ್ಕಿದ್ದಂತೆ ಮೋಟಾರು ಕಿರುಚತೊಡಗಿತು. ದೋಣಿ ಮಾತ್ರ ಮುಂದೆ ಹೋಗಲಿಲ್ಲ. ಇವರು ಅದನ್ನು ನಿಲ್ಲಿಸಿ ಮೇಲೆತ್ತಿದರು. ತಿರುಗುವ ರೆಕ್ಕೆಗೆ ಹರಿದ ಬಲೆ ಸುತ್ತಿಕೊಂಡು, ರೆಕ್ಕೆಯನ್ನು ಹಿಡಿದಿಡುವ ಸಣ್ಣ ಪಿನ್ನು ತುಂಡಾಗಿತ್ತು. ದೋಣಿ ನೀರಿನ ಸೆಳೆತಕ್ಕೆ ಕೆಳಕ್ಕೆ ಜಾರತೊಡಗಿತು. ದೋಣಿಯವನು ಹುಟ್ಟು ಹಾಕುತ್ತಾ ಗೊಣಗಿದ. ಇವರ ಮುಖ ಬಾಡಿತು. "ಒಂದು ಮೊಳೆ ಇದ್ದಿದ್ರೂ ಸಾಕಿತ್ತು" ಅಂದರು.

"ದಬ್ಬಣ ಆಗ್ತೈತೇನ್ರೀ?"

ಕೇಳಿದ್ದು ಅಮ್ಮ. ಅಳಿಯನೊಂದಿಗೆ ಅವಳು ನೇರ ಆಡಿದ ಮೊದಲ ಮಾತು ಅದು. ನಮಗೆಂದು ತಂದಿದ್ದ ಜೋಳದ ಚೀಲ ಹೊಲಿದ ದಬ್ಬಣ ಅವಳ ಎಲೆಅಡಿಕೆ ಸಂಚಿಯಲ್ಲೇ ಉಳಿದಿತ್ತು. ಇವರು ಬಲೆಯನ್ನು ಕತ್ತರಿಸಿ ತೆಗೆದರು. ಇಕ್ಕಳದಿಂದ ದಬ್ಬಣ ಮುರಿದು, ದೋಣಿಯ ಹಿಂಬದಿಯಿಂದ ಬಗ್ಗಿ ಅದನ್ನು ತೂತಿಗೆ ತೂರಿಸಿದರು. ನಾನು ಅವರ ಷರಟು ಹಿಡಿದುಕೊಂಡಿದ್ದೆ. ಅಮ್ಮ ನನ್ನ ಸೆರಗು ಹಿಡಿದುಕೊಂಡಿದ್ದಳು.

"ಈಗ ಎಳೀರಿ ಅಳಿಯಂದ್ರೇ, ಜೋರಾಗಿ!"

ಎಳೆದರು. ಹೊರಟಿತು. ಗೊಣಗುತ್ತಿದ್ದ ದೋಣಿಯವನೇ ಮೊದಲು ಕೇಕೆ ಹಾಕಿದ. ದಡ ಮುಟ್ಟಿದ ಮೇಲೆ ಮೋಟಾರಿಗೆ ಅರಿಸಿನ ಕುಂಕುಮ ಹಚ್ಚಿ ತನ್ನದಾಗಿಸಿಕೊಂಡ.

ಆಮೇಲೆಯೂ ಇವರು ಅಂಥವನ್ನು ತಂದರು, ರಿಪೇರಿ ಮಾಡಿ ಮಾರಿದರು. ಒಂದು ಮೋಟಾರು ಚನ್ನಗಿರಿ ಕಡೆಯ ದೊಡ್ಡ ಕೆರೆಯಲ್ಲಿ ಮೀನು ಹಿಡಿಯುವವರ ಪಾಲಾಯಿತು. ಪ್ರತಿಸಲವೂ ಮಾರಿ ಬಂದ ದಿನ ಇವರು ಹಿತ್ತಿಲ ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದರು. ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಆಗುತ್ತೆ ಅನ್ನುತ್ತಿದ್ದರು. ಸಾಸ್ವೆಹಳ್ಳಿಗೆ ಹೋದಾಗಲೆಲ್ಲ ಬಸ್ಸು ಇಳಿದವರೇ ಇಬ್ಬರೂ ಹೊಳೆಯ ಕಡೆ ನಡೆಯುತ್ತಿದ್ದೆವು. ದೋಣಿ ಕಣ್ಣಿಗೆ ಬೀಳುವ ಮೊದಲೇ ಆ ಮೋಟಾರಿನ ಸದ್ದು ಕೇಳಿಸುತ್ತಿತ್ತು. "ಚೆನ್ನಾಗೈತೆ" ಅಂತ ಇವರು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು.